ಪದಚರ್ಚೆ: ‘ಫ್ಲೋರ್ ಜಾಕ್’, ‘ಜಾಕ್ ಸ್ಟ್ಯಾಂಡ್’ – ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ಮನೆಯಲ್ಲೇ ಕಾರಿನ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುವವರಿಗಾಗಿ ಬರೆದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪುಟಗಳು ಅಚ್ಚಿಗೆ ಹೋಗಬೇಕು. ಒಂದು ಅಧ್ಯಾಯ ಮಾತ್ರ ಎರಡು ಪದಗಳಿಗಾಗಿ ನಿಂತುಹೋಗಿದೆ. ಕಾರನ್ನು ಎತ್ತುವ ಸಲಕರಣೆಗಳನ್ನು ಆರಿಸಿಕೊಳ್ಳುವುದು ಹೇಗೆಂದು ಹೇಳುವ ಅಧ್ಯಾಯವದು. ಮೊದಲನೆಯದು, ಫ್ಲೋರ್ ಜಾಕ್, ಗಾಲಿಗಳ ಮೇಲೆ ಉರುಳಿ ಕಾರಿನ ಅಡಿಗೆ ಹೋಗುತ್ತದೆ. ಅದರ ಉದ್ದನೆಯ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದಂತೆಲ್ಲ ಎಣ್ಣೆಯ ಒತ್ತಡದಿಂದ ಕಾರನ್ನು ಎತ್ತುತ್ತದೆ. ಎರಡನೆಯದು, ಜಾಕ್ ಸ್ಟ್ಯಾಂಡ್, ಏನನ್ನೂ ಎತ್ತುವುದಿಲ್ಲ. ಜಾಕ್ ಎತ್ತಿಕೊಟ್ಟ ಕಾರನ್ನು ಕೆಲಸ ಮುಗಿಯುವವರೆಗೆ ಹೊತ್ತು ನಿಲ್ಲುತ್ತದೆ. ಅದನ್ನು ಜೋಡಿಯಾಗಿ ಬಳಸುತ್ತಾರೆ.

ಕರಡಿನಲ್ಲಿ ಸದ್ಯಕ್ಕೆ ‘ನೆಲಜಾಕ್’, ‘ಜಾಕ್ ನಿಲುಗಂಬ’ ಎಂದು ಬರೆದುಕೊಂಡಿದ್ದೇನೆ. ಎರಡೂ ನನಗೆ ಒಪ್ಪಿಗೆಯಾಗಿಲ್ಲ. ಜಾಕಿನ ತೋಳಿನ ತುದಿಯಲ್ಲಿ ಕಾರನ್ನು ಮುಟ್ಟುವ ದುಂಡು ತಟ್ಟೆಗೆ ಇಂಗ್ಲಿಷಿನಲ್ಲಿ ಕುದುರೆಯ ಜೀನಿನ ಹೆಸರೇ ಇದೆ. ಅದನ್ನು ‘ಜೀನು’ ಎಂದೇ ಇಟ್ಟುಕೊಳ್ಳಬಹುದೇ? ಸ್ಟ್ಯಾಂಡುಗಳಲ್ಲಿ ಹಲ್ಲುಸಾಲಿನವು ಮತ್ತು ಅಡ್ಡ ಪಿನ್ನಿನವು ಎಂಬ ಎರಡು ಬಗೆಗಳಿದ್ದು, ಹಲ್ಲಿಗೆ ಸಿಕ್ಕಿಕೊಳ್ಳುವ ಆ ಸಣ್ಣ ತುಂಡಿಗೂ ಒಂದು ಹೆಸರು ಬೇಕು. ಇದೇ ಅಧ್ಯಾಯದಲ್ಲಿ ದಪ್ಪ ಅಕ್ಷರದ ಎಚ್ಚರಿಕೆಯ ಸಾಲೊಂದಿದೆ: ಜಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಅಡಿಗೆ ಯಾವ ಕಾರಣಕ್ಕೂ ಹೋಗಬಾರದು. ಆ ಸಾಲನ್ನು ಓದುವವರು ಒಂದು ಕ್ಷಣವೂ ತಡವರಿಸಬಾರದೆಂಬುದೇ ನನ್ನ ಚಿಂತೆ. ದಯವಿಟ್ಟು ಇಂದೇ ತಿಳಿಸಿ.

ಮೊದಲ ಉತ್ತರ

‘ಜಾಕ್’ ಎಂಬುದನ್ನು ಇಟ್ಟುಕೊಂಡೇ ಹೊರಟರೆ ಅನುವಾದ ಮಾಡಿದಂತಾಗುವುದಿಲ್ಲ. ಆ ಪದದ ಮೂಲವನ್ನು ನೋಡಿ. ಜಾನ್ ಎಂಬ ಹೆಸರಿನ ಸಲುಗೆಯ ರೂಪ ಅದು. ಯಾರಾದರೊಬ್ಬ ಸಾಮಾನ್ಯ ಆಳಿಗೆ ಆ ಹೆಸರು ನಿಂತಿತು, ಮುಂದೆ ಆಳಿನ ಕೆಲಸವನ್ನು ಮಾಡಿಕೊಡುವ ಸಲಕರಣೆಗಳಿಗೂ ಅದೇ ಹೆಸರು ಹತ್ತಿತು. ಎತ್ತುವುದು ಎಂಬ ಅರ್ಥ ಅದರಲ್ಲಿ ಎಳ್ಳಷ್ಟೂ ಇಲ್ಲ. ಬೇರೆ ನಾಡಿನ ಆಳಿನ ಹೆಸರನ್ನು ನಾವೇಕೆ ಹೊರಬೇಕು?

ಕನ್ನಡದಲ್ಲಿ ‘ಬಾಚು’ ಎಂಬ ಧಾತುವಿನಿಂದ ‘ಬಾಚಣಿಗೆ’ ಆದಂತೆ, ‘ಎತ್ತು’ ಧಾತುವಿನಿಂದ ‘ಎತ್ತಣಿಗೆ’ ಆಗಲು ಯಾವ ಅಡ್ಡಿಯೂ ಇಲ್ಲ. ಗಾಲಿಯುಳ್ಳದ್ದು ‘ಉರುಳೆತ್ತಣಿಗೆ’. ಎರಡನೆಯದಕ್ಕೆ ‘ಹೊರೆಗಾಲು’ ಎನ್ನಿ: ಹೊರೆಯನ್ನು ಹೊರುವ ಕಾಲು. ಎರಡೂ ಅಚ್ಚಗನ್ನಡ, ಎರಡೂ ತಮ್ಮ ಕೆಲಸವನ್ನು ತಾವೇ ಹೇಳುತ್ತವೆ. ‘ಜೀನು’ ಬೇಡ, ಅದೂ ಎರವಲೇ. ಕನ್ನಡದಲ್ಲಿ ‘ತಡಿ’ ಎಂಬ ಪದವಿದೆ.

ಎರಡನೆಯ ಉತ್ತರ

‘ಎತ್ತಣಿಗೆ’ ಎಂಬ ಪದವಿಲ್ಲ. ಬರವಣಿಗೆ, ಬೆಳವಣಿಗೆ, ಮೆರವಣಿಗೆ, ಇವೆಲ್ಲ ಕ್ರಿಯೆಯ ಹೆಸರುಗಳು. ಓದುವವರು ಎತ್ತಣಿಗೆಯನ್ನೂ ‘ಎತ್ತುವ ಕ್ರಿಯೆ’ ಎಂದೇ ತಿಳಿಯುತ್ತಾರೆ. ಬಾಚಣಿಗೆಯೊಂದನ್ನು ತೋರಿಸಿ ನಿಯಮ ಕಟ್ಟಲಾಗದು. ‘ಜಾಕ್’ ಎನ್ನಿ, ‘ಸ್ಟ್ಯಾಂಡ್’ ಎನ್ನಿ, ಪುಟವನ್ನು ಅಚ್ಚಿಗೆ ಕಳಿಸಿ.

ಮೂರನೆಯ ಉತ್ತರ

ಶಾಸ್ತ್ರೀಯ ವಿಷಯದ ಬರವಣಿಗೆಗೆ ಸಂಸ್ಕೃತದ ನೆರವಿಲ್ಲದೆ ಗತ್ಯಂತರವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ‘ಉತ್ಥಾಪಕ’ ಮತ್ತು ‘ಆಧಾರಸ್ತಂಭ’ ಎಂಬ ರೂಪಗಳು ಕೂಡಲೇ ಒದಗುತ್ತವೆ; ಅವುಗಳಿಂದ ‘ಉತ್ಥಾಪನ’, ‘ಉತ್ಥಾಪಿತ’ ಎಂದು ಮುಂದಿನ ರೂಪಗಳನ್ನು ಸಾಧಿಸುವುದೂ ಸುಲಭ, ದೇಶ್ಯ ಪದಗಳಲ್ಲಿ ಆ ಅನುಕೂಲವಿಲ್ಲ. ಪ್ರಶ್ನೆ ಕೇಳಿದವರ ‘ನೆಲಜಾಕ್’ ಎಂಬುದು ಅರಿಸಮಾಸದ ದೋಷಕ್ಕೆ ಒಳಗಾಗಿದೆ. ಅಂಥ ರೂಪವನ್ನು ಅಚ್ಚು ಮಾಡಬಾರದು.

ನಾಲ್ಕನೆಯ ಉತ್ತರ

ಸಲಕರಣೆಗಳು ಏನು ಮಾಡುತ್ತವೆಂಬುದನ್ನು ಪ್ರಶ್ನೆ ಕೇಳಿದವರು ಸ್ಪಷ್ಟವಾಗಿಯೇ ಬರೆದಿದ್ದಾರೆ. ಉತ್ತರ ಕೊಟ್ಟ ಮೂವರೂ ಪದದ ಹುಟ್ಟನ್ನು ನೋಡಿದರೇ ಹೊರತು ಆ ವಿವರಣೆಯನ್ನು ನೋಡಲಿಲ್ಲ. ಮೊದಲು ಅರಿಸಮಾಸದ ಮಾತನ್ನು ಮುಗಿಸಿಬಿಡೋಣ. ಆ ನಿಷೇಧ ಇರುವುದು ಸಂಸ್ಕೃತ ಮತ್ತು ಕನ್ನಡ ಪದಗಳ ಕೂಡುವಿಕೆಗೆ. ‘ಜಾಕ್’ ಸಂಸ್ಕೃತವಲ್ಲ.

‘ನೆಲಜಾಕ್’ ಬೇಡವೆನ್ನಲು ಬೇರೆಯೇ ಕಾರಣವಿದೆ. ಕಾರಿನೊಡನೆ ಬರುವ ಸಣ್ಣ ತಿರುಪಿನ ಜಾಕೂ ನೆಲದ ಮೇಲೆಯೇ ಕೂರುತ್ತದೆ. ಹಾಗಾಗಿ ನೆಲ ಎಂಬುದು ಇದನ್ನು ಉಳಿದವುಗಳಿಂದ ಬೇರ್ಪಡಿಸುವುದಿಲ್ಲ. ಅಮೆರಿಕದವರು ಫ್ಲೋರ್ ಜಾಕ್ ಎನ್ನುವ ಇದೇ ಸಲಕರಣೆಯನ್ನು ಬ್ರಿಟನ್ನಿನವರು ಟ್ರಾಲಿ ಜಾಕ್ ಎನ್ನುತ್ತಾರೆ, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿರುವುದೂ ಅದೇ. ಇದರ ಗುರುತು ಗಾಲಿ. ಆ ಗಾಲಿ ಇರುವುದು ತಳ್ಳಿಕೊಂಡು ಹೋಗುವ ಅನುಕೂಲಕ್ಕೆ ಮಾತ್ರವಲ್ಲ. ಜಾಕಿನ ತೋಳು ಕಮಾನಿನಂತೆ ಏಳುವುದರಿಂದ ಅದರ ತಲೆ ನೆಟ್ಟಗೆ ಮೇಲಕ್ಕೆ ಹೋಗದೆ ಏರುತ್ತ ಏರುತ್ತ ಪಕ್ಕಕ್ಕೂ ಸರಿಯುತ್ತದೆ. ಕಾರು ಇದ್ದಲ್ಲೇ ಇರಬೇಕಾದರೆ ಜಾಕೇ ಅಷ್ಟು ಉರುಳಬೇಕು. ಗಾಲಿಗಳು ಮೆದು ಮಣ್ಣಿನಲ್ಲಿ ಹೂತುಕೊಂಡರೆ ಅಥವಾ ಯಾವುದಾದರೂ ಕಲ್ಲಿಗೆ ತಡೆದು ನಿಂತರೆ ತಲೆ ಕಾರಿನ ಅಡಿಯಿಂದ ಜಾರಿಬಿಡಬಹುದು. ಆದ್ದರಿಂದ ಗಟ್ಟಿಯಾದ ಸಮತಟ್ಟು ನೆಲ ಬೇಕೆಂಬ ಸೂಚನೆಯೂ ಗಾಲಿಯಿಂದಲೇ ಹುಟ್ಟುತ್ತದೆ. ‘ಗಾಲಿ ಜಾಕ್’ ಎಂದರೆ ಹೆಸರೇ ಅದನ್ನು ನೆನಪಿಸುತ್ತದೆ.

ಎರಡನೆಯ ಹೆಸರೇ ಹೆಚ್ಚು ಮುಖ್ಯ. ಅದರಲ್ಲಿ ‘ಜಾಕ್’ ಎಂಬ ಪದ ಇರಲೇಬಾರದೆಂಬುದು ನನ್ನ ಖಚಿತವಾದ ನಿಲುವು. ಜಾಕ್ ಕಾರನ್ನು ಹಿಡಿದಿರುವುದು ಎಣ್ಣೆಯ ಬಲದಿಂದ. ಒಳಗಿನ ರಬ್ಬರಿನ ಸೀಲು ಸವೆದರೆ, ಎಣ್ಣೆ ಬಿಡುವ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡರೆ, ಅದು ಯಾರ ಗಮನಕ್ಕೂ ಬಾರದೆ ಇಳಿಯುತ್ತ ಬರಬಹುದು, ಸೀಲು ಒಡೆದರೆ ಒಮ್ಮೆಗೇ ಕುಸಿಯಬಹುದು. ಸ್ಟ್ಯಾಂಡಾದರೋ ಕಬ್ಬಿಣ ಕಬ್ಬಿಣಕ್ಕೆ ಸಿಕ್ಕಿಕೊಂಡು ನಿಂತದ್ದು. ಎತ್ತುವುದು ಒಂದು ಕೆಲಸ, ಹೊತ್ತು ನಿಲ್ಲುವುದು ಇನ್ನೊಂದು. ಎರಡಕ್ಕೂ ಜಾಕ್ ಎಂಬ ಒಂದೇ ಮನೆತನದ ಹೆಸರಿಟ್ಟರೆ ಎರಡನೆಯದು ಜಾಕಿನ ಜೊತೆಗೆ ಬರುವ ಬಿಡಿಭಾಗವೆಂದೂ, ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆಂದೂ ಓದುವವರಿಗೆ ತೋರುತ್ತದೆ. ಆ ಭಾವನೆ ಜೀವಕ್ಕೇ ಎರವಾದೀತು. ಬ್ರಿಟನ್ನಿನವರು ಇದನ್ನು ಆಕ್ಸಲ್ ಸ್ಟ್ಯಾಂಡ್ ಎಂದು ಕರೆದು ಜಾಕಿನಿಂದ ಬೇರೆಯೇ ಮಾಡಿದ್ದಾರೆ. ಹಾಗೆಂದು ‘ಇರುಸಿನ ಆಸರೆ’ ಎಂದು ಅನುವಾದಿಸಬೇಡಿ. ಇಂದಿನ ಬಹಳಷ್ಟು ಕಾರುಗಳಲ್ಲಿ ಮುಂದಿನ ಎರಡು ಗಾಲಿಗಳನ್ನು ಸೇರಿಸುವ ಒಂದೇ ಗಟ್ಟಿ ಇರುಸು ಇರುವುದಿಲ್ಲ, ಓದಿದವರು ಇಲ್ಲದ್ದನ್ನು ಹುಡುಕಿ ತಪ್ಪು ಜಾಗಕ್ಕೆ ಆಸರೆ ಕೊಟ್ಟಾರು. ಕಾರಿನ ತಯಾರಕರು ಗುರುತಿಸಿರುವ ಗಟ್ಟಿ ಜಾಗಗಳಲ್ಲೇ ಕೊಡಬೇಕು.

ನನ್ನ ಸಲಹೆ ‘ಆಸರೆಗಾಲು’. ‘ಹೊರೆಗಾಲು’ ಒಳ್ಳೆಯ ರಚನೆಯೆಂಬುದನ್ನು ಒಪ್ಪುತ್ತೇನೆ. ಆದರೆ ಎಚ್ಚರಿಕೆಯ ಸಾಲಿನಲ್ಲಿ ಮೊದಲ ಬಾರಿಗೆ ಅದನ್ನು ಕಂಡವರು ಒಂದು ಗಳಿಗೆ ನಿಲ್ಲುತ್ತಾರೆ, ‘ಆಸರೆ’ಯನ್ನು ಕಂಡವರು ನಿಲ್ಲುವುದಿಲ್ಲ. ‘ತಡಿ’ಯೂ ಬೇಡ, ‘ಜೀನು’ ಕೂಡ ಬೇಡ. ಅದು ಜಾಕಿನ ‘ತಲೆ’, ಅಷ್ಟೆ. ಹಲ್ಲಿಗೆ ಸಿಕ್ಕಿಕೊಳ್ಳುವ ತುಂಡಿಗೆ ‘ಚಿಲಕ’ ಎನ್ನಿ. ಆ ಚಿಲಕದ ಬಗ್ಗೆ ಕೈಪಿಡಿ ಒಂದು ಸಾಲನ್ನಾದರೂ ಹೆಚ್ಚು ಬರೆಯಬೇಕು. 2020ರಲ್ಲಿ ಅಮೆರಿಕದಲ್ಲಿ ಮಾರಾಟವಾಗಿದ್ದ ಲಕ್ಷಾಂತರ ಆಸರೆಗಾಲುಗಳನ್ನು ವಾಪಸು ಕರೆಸಿಕೊಂಡದ್ದು ಚಿಲಕ ಹಲ್ಲಿನೊಳಗೆ ಸಾಕಷ್ಟು ಆಳವಾಗಿ ಕೂರದೆ ಜಾರುವ ಸಾಧ್ಯತೆ ಇದ್ದುದರಿಂದ. ಚಿಲಕ ಪೂರ್ತಿ ಕೂತಿದೆಯೇ ಎಂದು ಕಣ್ಣಾರೆ ನೋಡಿಯೇ ಭಾರ ಇಳಿಸಬೇಕು. ಅಡ್ಡ ಪಿನ್ನಿನ ಬಗೆಯಲ್ಲಿ ತೂತಿನ ಈ ಕಡೆಯಿಂದ ಆ ಕಡೆಗೆ ಪಿನ್ನು ಹಾಯ್ದಿರುವುದು ಕಣ್ಣಿಗೇ ಕಾಣುತ್ತದೆ. ಎತ್ತರವನ್ನು ಬೇಕಾದಷ್ಟೇ ಹೊಂದಿಸಲು ಹಲ್ಲುಸಾಲಿನಷ್ಟು ಅನುಕೂಲವಿಲ್ಲದಿದ್ದರೂ ನಾನು ಅದನ್ನೇ ಮೆಚ್ಚುತ್ತೇನೆ.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಆಸರೆಗಾಲಿನ ಪೆಟ್ಟಿಗೆಯ ಮೇಲೆ ‘3 ಟನ್, ಜೋಡಿ’ ಎಂದಿದ್ದರೆ ಅದನ್ನು ‘3 ಟನ್ನಿನ ಜೋಡಿ’ ಎಂದು ಬರೆದು ಬಿಡಬೇಡಿ. ಒಂದೊಂದೂ 3 ಟನ್ ಹೊರುತ್ತದೆಯೋ ಎರಡೂ ಸೇರಿ 3 ಟನ್ನೋ ಎಂಬುದು ಆ ರಚನೆಯಲ್ಲಿ ತಿಳಿಯುವುದಿಲ್ಲ, ಅರ್ಥವಾದರೋ ಅರ್ಧಕ್ಕರ್ಧ ಬದಲಾಗುತ್ತದೆ. ತಯಾರಕರು ಎರಡು ರೀತಿಯಲ್ಲೂ ನಮೂದಿಸುವುದುಂಟು. ‘ಒಂದೊಂದಕ್ಕೆ’ ಅಥವಾ ‘ಎರಡೂ ಸೇರಿ’ ಎಂದು ಬಿಡಿಸಿಯೇ ಬರೆಯಿರಿ. ಜಾಕಿನ ಎತ್ತರಗಳಿಗೆ ‘ಕನಿಷ್ಠ’, ‘ಗರಿಷ್ಠ’ ಎನ್ನುವುದಕ್ಕಿಂತ ‘ಇಳಿಸಿದಾಗಿನ ಎತ್ತರ’, ‘ಏರಿಸಿದಾಗಿನ ಎತ್ತರ’ ಎಂದರೆ ಎರಡು ಅಳತೆಗಳೂ ಏಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ: ಇಳಿಸಿದಾಗ ಕಾರಿನ ಅಡಿಗೆ ತೂರಬೇಕು, ಏರಿಸಿದಾಗ ಆಸರೆಗಾಲು ಅಡಿಗೆ ಹಿಡಿಸಬೇಕು.

ಮೊದಲ ಉತ್ತರ ಕೊಟ್ಟವರಿಂದ

ಆಸರೆಗಾಲಿನ ಬಗ್ಗೆ ನನ್ನ ತಕರಾರಿಲ್ಲ. ‘ಆಶ್ರಯ’ದ ತದ್ಭವವಾದರೂ ಅದು ನಮ್ಮದೇ ಆಗಿಹೋಗಿದೆ. ಆದರೆ ‘ಜಾಕ್’ ಅನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುವುದನ್ನು ಒಪ್ಪಲಾರೆ. ಸೀಲು, ವಾಲ್ವು, ಪಿನ್ನು, ಜಾಕ್ ಎಂದು ಒಂದೊಂದಾಗಿ ಒಪ್ಪುತ್ತ ಹೋದರೆ ಒಂದು ಯಂತ್ರದ ವಿವರಣೆಯಲ್ಲಿ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮತ್ತು ಕ್ರಿಯಾಪದ ಮಾತ್ರ. ಹೊಸ ಪದ ಮೊದಲ ದಿನ ಎಲ್ಲರಿಗೂ ಹೊಸದೇ. ಬಳಸದೆ ಅದು ಹಳತಾಗುವುದು ಹೇಗೆ?

ನಾಲ್ಕನೆಯ ಉತ್ತರ ಕೊಟ್ಟವರಿಂದ

ಎರವಲನ್ನು ಒಗ್ಗಿಸಿಕೊಳ್ಳುವುದು ಈ ಭಾಷೆಗೆ ಹೊಸದಲ್ಲ. 13ನೆಯ ಶತಮಾನದಲ್ಲೇ ಕೇಶಿರಾಜ ತನ್ನ ವ್ಯಾಕರಣದಲ್ಲಿ ಅದಕ್ಕಾಗಿ ಅಪಭ್ರಂಶ ಪ್ರಕರಣವನ್ನೇ ಬರೆದಿಟ್ಟಿದ್ದಾನೆ. ಕುರ್ಚಿ, ಚಾವಿಗಳನ್ನು ಇಂದು ಯಾರೂ ಹೊರಗಿನವೆನ್ನುವುದಿಲ್ಲ. ಜಾಕಿಗೆ ಇಕಾರ ಸೇರಿಸಿ ‘ಜಾಕಿ’ ಎಂದು ಮಾಡಿಕೊಂಡವರು ಕೆಲಸಗಾರರೇ, ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. ಹೊಸ ಪದಗಳನ್ನು ಕಟ್ಟಿ ನೋಡಲು ಬೇರೆ ಜಾಗಗಳಿವೆ. ಒಂದೂವರೆ ಟನ್ ಭಾರದ ಅಡಿಗೆ ಹೋಗಲಿರುವವರ ಕೈಗೆ ಕೊಡುವ ಪುಟ ಆ ಜಾಗವಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ‘ಗಾಲಿ ಜಾಕ್’, ‘ಆಸರೆಗಾಲು’, ‘ತಲೆ’, ‘ಚಿಲಕ’ ಎಂದು ತಿದ್ದಿದ್ದೇನೆ. ಆಸರೆಗಾಲು ಮೊದಲು ಬರುವಲ್ಲಿ, ಕೊಳ್ಳುವಾಗ ಇದನ್ನು ಜಾಕ್ ಸ್ಟ್ಯಾಂಡ್ ಎಂದು ಕೇಳಬೇಕೆಂಬ ಒಂದು ಸಾಲನ್ನು ಸೇರಿಸಿದ್ದೇನೆ. ಟನ್ನಿನ ಮಾತು ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು: ಕರಡಿನ ಎರಡು ಕಡೆ ‘3 ಟನ್ನಿನ ಜೋಡಿ’ ಎಂದೇ ಇತ್ತು. ಮೂಲವನ್ನು ಮತ್ತೆ ನೋಡಿದಾಗ ಎರಡೂ ಕಡೆ ಎರಡು ಕಾಲುಗಳ ಒಟ್ಟು ಭಾರವೆಂದೇ ತಿಳಿಯಿತು.

ಎಚ್ಚರಿಕೆಯ ಸಾಲುಗಳು ಈಗ ಹೀಗಿವೆ: ‘ಜಾಕ್ ಎತ್ತುವುದಕ್ಕೆ ಮಾತ್ರ. ಕಾರಿನ ಭಾರ ಆಸರೆಗಾಲುಗಳ ಮೇಲೆ ಕೂರುವವರೆಗೆ ಅಡಿಗೆ ಹೋಗಬೇಡಿ. ಆಸರೆಗಾಲಿನ ಬದಲು ಇಟ್ಟಿಗೆಯನ್ನಾಗಲಿ ಟೊಳ್ಳು ಸಿಮೆಂಟ್ ಬ್ಲಾಕನ್ನಾಗಲಿ ಇಡಬೇಡಿ. ಅವು ಒಮ್ಮೆಗೇ ಪುಡಿಯಾಗಬಲ್ಲವು.’

ಕೊನೆಯದಾಗಿ ಒಂದು ಪದ ಉಳಿದಿದೆ. ಅನೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುವುದರಿಂದ, ಹಿಂಭಾಗವನ್ನು ಎತ್ತಿದಾಗ ನೆಲದ ಮೇಲೆ ಉಳಿಯುವ ಮುಂದಿನ ಗಾಲಿಗಳಿಗೆ ಎರಡು ಕಡೆಯಿಂದಲೂ ಮರದ ಅಥವಾ ರಬ್ಬರಿನ ತುಂಡನ್ನು ಕೊಡಬೇಕೆಂದು ಮೂಲದಲ್ಲಿದೆ. ಆ ತುಂಡಿಗೆ ‘ಗಾಲಿ ನಿರೋಧಕ’ ಎಂದು ಬರೆದಿದ್ದೇನೆ. ಸರಿಯೇ?

ಮೊದಲ ಉತ್ತರ ಕೊಟ್ಟವರಿಂದ

ಸರಿಯಲ್ಲ. ಅದು ಬೆಣೆ. ಒಂದು ಕಡೆ ದಪ್ಪ, ಒಂದು ಕಡೆ ಚೂಪಾದ ಅಂಥ ತುಂಡಿಗೆ ಕನ್ನಡದಲ್ಲಿ ಮೊದಲಿನಿಂದಲೂ ಇರುವ ಹೆಸರು ಅದೇ. ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ, ಎಲ್ಲಿಂದಲೂ ತರಬೇಕಾಗಿಯೂ ಇಲ್ಲ. ‘ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಬೆಣೆ ಕೊಡಿ’ ಎಂದು ಬರೆಯಿರಿ.