ಹೃದಯಕ್ಕೆ ತಾಲ್ಲೂಕಿನಲ್ಲೇ ಸಿಗುವ ಇಂಜೆಕ್ಷನ್ ಲಕ್ವಾಕ್ಕೆ (ಪಾರ್ಶ್ವವಾಯು, ಸ್ಟ್ರೋಕ್) ಯಾಕೆ ಸಿಗುವುದಿಲ್ಲ?

ಎಡದಂಡೆ ರೈತ (ಮಸ್ಕಿ ತಾಲ್ಲೂಕು, ರಾಯಚೂರು ಜಿಲ್ಲೆ):

ತಿಳಿದವರು ಉತ್ತರ ಕೊಡಿ. ಐದು ತಿಂಗಳಿಂದ ಇದೊಂದೇ ಪ್ರಶ್ನೆ ತಲೆಯಲ್ಲಿ ಕೂತಿದೆ.

ನಮ್ಮವ್ವಗೆ 61 ವರ್ಷ. ಅವತ್ತು ಮುಂಜಾನೆ ಆರೂಕಾಲಿಗೆ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊರಗೆ ಎತ್ತಿಗೆ ಮೇವು ಹಾಕುತ್ತಿದ್ದೆ. ಬಡಿಯುವ ಸಪ್ಪಳ ನಿಂತಿತು. ಆಗಲೇ ಒಳಗೆ ಹೋಗಬೇಕಿತ್ತು, ಹೋಗಲಿಲ್ಲ. ರೊಟ್ಟಿ ಸೀದ ವಾಸನೆ ಬಂದ ಮೇಲೆ ಹೋದೆ. ಬಲಗೈ ಹಿಟ್ಟಿನ ಪರಾತದಲ್ಲಿ ಬಿದ್ದಿತ್ತು, ಬಾಯಿ ಎಡಕ್ಕೆ ಜಗ್ಗಿತ್ತು. ಏನೋ ಹೇಳುತ್ತಿದ್ದಳು, ಒಂದು ಅಕ್ಷರವೂ ತಿಳಿಯಲಿಲ್ಲ.

ಓಣಿ ಮಂದಿಯೆಲ್ಲ ಕೂಡಿದರು. "ಲಕ್ವಾ ಹೊಡದೈತಿ, ಬಾಯಾಗ ಒಂದೀಟು ಬಿಸಿ ಚಾ ಹಾಕ್ರಿ" ಅಂದರು. ಹಾಕಿದೆವು, ನೆತ್ತಿಗೇರಿ ಕೆಮ್ಮಿದಳು. ಊರಿನ ಆರ್‌ಎಂಪಿ ಡಾಕ್ಟರು ಬಂದು, "ಬಿಪಿ ಏರೇತಿ, ಇಳೀತೈತಿ ತಗೋ" ಎಂದು ಸಲೈನ್ ಹಚ್ಚಿದರು. ಅಲ್ಲಿಗೆ ಎರಡು ತಾಸು. ಸೋದರಮಾವ ನಾಟಿ ಎಣ್ಣೆ ತಿಕ್ಕುವ ಊರಿಗೇ ಒಯ್ಯೋಣ ಎಂದು ಹಟ ಹಿಡಿದ, ಅದರಲ್ಲಿ ಅರ್ಧ ತಾಸು. ಆಮೇಲೆ ಗಾಡಿ ಮಾಡಿಕೊಂಡು ಒಂದು ಪಟ್ಟಣದ ಖಾಸಗಿ ದವಾಖಾನೆಗೆ ಹೋದರೆ ಸ್ಕ್ಯಾನಿಂಗ್ ಮಷೀನೇ ಇಲ್ಲ. ಎರಡನೆಯ ಕಡೆ ಮಷೀನ್ ಇತ್ತು, ನಡೆಸುವವರು ಬಂದಿರಲಿಲ್ಲ. ರಾಯಚೂರು ಮುಟ್ಟಿ ಸಿಟಿ ಸ್ಕ್ಯಾನ್ ಆದಾಗ ಮಧ್ಯಾಹ್ನ ಒಂದು ನಲವತ್ತು.

ಅಲ್ಲಿನ ಡಾಕ್ಟರು ಚಿತ್ರ ನೋಡಿ ಹೇಳಿದ್ದಿಷ್ಟು: "ರಕ್ತಸ್ರಾವ ಇಲ್ಲ, ನಾಳದಲ್ಲಿ ಹೆಪ್ಪುಗಟ್ಟಿದೆ. ನಾಲ್ಕೂವರೆ ತಾಸಿನೊಳಗೆ ಬಂದಿದ್ದರೆ ಟೆನೆಕ್ಟಿಪ್ಲೇಸ್ ಕೊಟ್ಟು ಕರಗಿಸಲು ನೋಡಬಹುದಿತ್ತು." ಆರೂಕಾಲಿನಿಂದ ಎಣಿಸಿದರೆ ಹತ್ತೂಮುಕ್ಕಾಲು. ಆ ಹತ್ತೂಮುಕ್ಕಾಲಿಗೆ ನಾವು ಎರಡನೆಯ ದವಾಖಾನೆಯ ಬಾಗಿಲಲ್ಲಿ ಕಾಯುತ್ತ ಕೂತಿದ್ದೆವು.

ಈಗ ಪ್ರಶ್ನೆ. ಅದಕ್ಕೂ ಒಂದು ತಿಂಗಳ ಮುಂಚೆ ನಮ್ಮ ಸಣ್ಣ ಕಾಕಾಗೆ ಎದೆನೋವು ಬಂದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ಹೃದಯ ತಜ್ಞರಿಗೆ ಕಳಿಸಿ ಕೇಳಿ, ಅಲ್ಲೇ ಇಂಜೆಕ್ಷನ್ ಕೊಟ್ಟರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ, ಒಂದು ರೂಪಾಯಿ ಖರ್ಚಿಲ್ಲ. ಕಾಕಾ ಈಗ ಗದ್ದೆಗೆ ನೀರು ಕಟ್ಟುತ್ತಾನೆ. ಅವನ ಚೀಟಿ ತೆಗೆದು ನೋಡಿದೆ, ಅದರಲ್ಲೂ ಅದೇ ಹೆಸರು: ಟೆನೆಕ್ಟಿಪ್ಲೇಸ್. ಒಂದೇ ಮನೆತನ, ಒಂದೇ ಮದ್ದು. ಕಾಕಾಗೆ ತಾಲ್ಲೂಕಿನಲ್ಲಿ ಸಿಕ್ಕಿದ್ದು ನಮ್ಮವ್ವಗೆ ಯಾಕೆ ಸಿಗಲಿಲ್ಲ? ಬೇರೆ ರಾಜ್ಯ, ಬೇರೆ ದೇಶದ ಹಳ್ಳಿಗಳಲ್ಲಿ ಇದಕ್ಕೆ ಏನು ದಾರಿ ಮಾಡಿಕೊಂಡಿದ್ದಾರೆ?

---

ರಾತ್ರಿ ಪಾಳಿ (ಸ್ಟಾಫ್ ನರ್ಸ್, ಕೊಪ್ಪಳ):

ಅಣ್ಣಾರ, ನಿಮ್ಮ ಬರಹ ಓದಿ ಡ್ಯೂಟಿ ನಡುವೆಯೇ ಬರೆಯುತ್ತಿದ್ದೇನೆ.

ಮದ್ದು ಒಂದೇ, ನಿಜ. ಅಳತೆ ಬೇರೆ: ಲಕ್ವಾಕ್ಕೆ ಕೊಡುವುದು ಹೃದಯಕ್ಕೆ ಕೊಡುವುದರ ಸುಮಾರು ಅರ್ಧ. ಆದರೆ ಅಡ್ಡ ಬರುವುದು ಅಳತೆ ಅಲ್ಲ, ಸಿಟಿ ಸ್ಕ್ಯಾನ್. ಹೃದಯಾಘಾತವನ್ನು ಇಸಿಜಿ ಹೇಳುತ್ತದೆ, ಆ ಮಷೀನನ್ನು ಕೈಚೀಲದಲ್ಲಿ ಒಯ್ಯಬಹುದು. ಲಕ್ವಾದಲ್ಲಿ ಎರಡು ಜಾತಿ. ಹತ್ತು ಮಂದಿಯಲ್ಲಿ ಏಳೆಂಟು ಮಂದಿಗೆ ನಾಳ ಕಟ್ಟಿರುತ್ತದೆ, ಉಳಿದವರಿಗೆ ನಾಳ ಒಡೆದು ಮೆದುಳಿನಲ್ಲಿ ರಕ್ತ ಸೋರಿರುತ್ತದೆ. ಹೊರಗಿನಿಂದ ಇಬ್ಬರೂ ಒಂದೇ ಥರ ಕಾಣುತ್ತಾರೆ, ಅದೇ ಸೊಟ್ಟ ಬಾಯಿ, ಅದೇ ಬಿದ್ದ ಕೈ. ಸೋರುತ್ತಿರುವವರಿಗೆ ಕರಗಿಸುವ ಮದ್ದು ಕೊಟ್ಟರೆ ಜೀವವೇ ಹೋಗಬಹುದು. ಎಷ್ಟು ಅನುಭವ ಇದ್ದರೂ ಕೈ ಮುಟ್ಟಿ ನೋಡಿ ಇದು ಯಾವುದು ಎಂದು ಯಾರೂ ಹೇಳಲಾರರು. ಸ್ಕ್ಯಾನ್ ಇಲ್ಲದ ಕಡೆ ಆ ಮದ್ದು ಇದ್ದರೂ ಇಲ್ಲದಂತೆಯೇ.

ಇನ್ನೊಂದು ಮಾತು, ಚಾ ಬಗ್ಗೆ. ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ, ನೂರಕ್ಕೆ ತೊಂಬತ್ತು ಮನೆಯಲ್ಲಿ ಹಾಗೇ ಮಾಡುತ್ತಾರೆ. ಆದರೆ ಲಕ್ವಾ ಹೊಡೆದಾಗ ನುಂಗುವ ಶಕ್ತಿಯೂ ಹೋಗಿರಬಹುದು. ಚಾ, ನೀರು, ಗುಳಿಗೆ ಏನು ಹಾಕಿದರೂ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಲಕ್ವಾದಿಂದ ಉಳಿದವರು ನ್ಯುಮೋನಿಯಾದಿಂದ ಹೋಗಿದ್ದನ್ನು ನನ್ನ ವಾರ್ಡಿನಲ್ಲೇ ನೋಡಿದ್ದೇನೆ.

ನಾಲ್ಕೂವರೆ ತಾಸು ದಾಟಿದರೆ ಎಲ್ಲಾ ಮುಗಿಯಿತು ಎಂದು ಬಹಳ ಮಂದಿ ಕೈಬಿಡುತ್ತಾರೆ, ಡಾಕ್ಟರುಗಳೂ ಸಹ. ಅದನ್ನು ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಸ್ಟ್ರೋಕ್ ಘಟಕಗಳಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೊದಲ ಮೂರು ದಿನ ಜ್ವರ ಏರದಂತೆ, ಸಕ್ಕರೆ ಏರದಂತೆ ನೋಡಿಕೊಳ್ಳುವುದು, ನುಂಗುವ ಪರೀಕ್ಷೆ ಮಾಡದೆ ಬಾಯಿಗೆ ಏನೂ ಹಾಕದಿರುವುದು, ಇಷ್ಟನ್ನು ನರ್ಸ್‌ಗಳೇ ಶಿಸ್ತಾಗಿ ಮಾಡಿದರು. ಮೂರು ತಿಂಗಳಿಗೆ ಎಣಿಸಿದಾಗ, ಹೀಗೆ ಮಾಡದ ಕಡೆ ನೂರರಲ್ಲಿ 58 ಮಂದಿ ತೀರಿಕೊಂಡಿದ್ದರು ಅಥವಾ ಪರಾವಲಂಬಿಯಾಗಿದ್ದರು. ಮಾಡಿದ ಕಡೆ 42. ಹೊಸ ಮದ್ದು ಯಾವುದೂ ಇಲ್ಲ. ಥರ್ಮಾಮೀಟರ್, ಗ್ಲುಕೋಮೀಟರ್, ಒಂದು ಚಮಚ ನೀರು. ಇವು ನಮ್ಮಲ್ಲಿ ಇವೆ. ಇಲ್ಲದಿರುವುದು ಜನ. ನನ್ನ ಪಾಳಿಯಲ್ಲಿ ನಲವತ್ತು ಹಾಸಿಗೆಗೆ ಇಬ್ಬರೇ ಇರುವ ರಾತ್ರಿ ನಾಲ್ಕು ತಾಸಿಗೊಮ್ಮೆ ಎಲ್ಲರ ಜ್ವರ ನೋಡುವುದು ಹೇಗೆ ಹೇಳಿ.

---

ಸೈರನ್ (ಆಂಬುಲೆನ್ಸ್ ಸಿಬ್ಬಂದಿ, ಸಿಂಧನೂರು ಕಡೆ):

ಅಣ್ಣಾ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. 108ಕ್ಕ ಯಾಕ ಫೋನ್ ಹಚ್ಚಲಿಲ್ಲ? ಹತ್ತು ಲಕ್ವಾ ಕೇಸಿನಾಗ ನಮಗ ಕರಿಯೋರು ಮೂರ್ನಾಕ ಮಂದಿ. ಉಳಿದೋರು ಟಂಟಂ, ಕಾರು, ಬೈಕಿನ ಮ್ಯಾಲೆ ನಡುವ ಕುಂದ್ರಿಸ್ಕೊಂಡು ಹೊಂಟಿರ್ತಾರ. ಎದಿನೋವಿಗೆ ಜನ ಅಂಜತಾರ, ಲಕ್ವಾಕ್ಕ ಅಂಜೂದಿಲ್ಲ. ಲಕ್ವಾದಾಗ ಬಾಳ ಸಲ ನೋವ ಇರೂದಿಲ್ಲ ನೋಡು, ಅದಕ್ಕ "ನಾಳೆ ನೋಡೂಣು" ಅಂತಾರ.

ಫೋನ್ ಹಚ್ಚಿದ ಕೂಡ್ಲೆ "ಮಂಪರು ಬಂದೈತಿ, ಚಕ್ಕರ್ ಬಂದೈತಿ" ಅನಬ್ಯಾಡ್ರಿ. "ಲಕ್ವಾ ಅನಸ್ತೈತಿ, ಇಷ್ಟು ಗಂಟಿಗೆ ಆಗೇತಿ" ಅನ್ರಿ. ಮಲಕೊಂಡಾಗ ಆಗಿದ್ರ, ರಾತ್ರಿ ಕಡೀಕ ಚೊಲೊ ಇದ್ದದ್ದು ಎಷ್ಟು ಗಂಟಿಗೆ ನೋಡಿದ್ರಿ ಅದನ್ನ ಹೇಳ್ರಿ. ಡಾಕ್ಟರು ಲೆಕ್ಕ ಹಿಡಿಯೂದು ಅಲ್ಲಿಂದ. ಎದ್ದ ಟೈಮ್ ಹೇಳಿದ್ರ ಲೆಕ್ಕ ತಪ್ಪತೈತಿ. ಮತ್ತ ಗುಳಿಗಿ ಚೀಟಿ ಎಲ್ಲಾ ಒಂದು ಕೈಚೀಲದಾಗ ಹಾಕ್ಕೊಂಡು ಬರ್ರಿ. ರಕ್ತ ತಿಳಿ ಮಾಡೋ ಗುಳಿಗಿ ತಗೋತಿದ್ರ ಅದು ಡಾಕ್ಟರಿಗೆ ಮೊದಲ ಗೊತ್ತಾಗಬೇಕು.

---

ಕೋಟೆ ಕೆಳಗಿನ ಡಾಕ್ಟರ್ (ಫಿಜಿಷಿಯನ್, ಬಳ್ಳಾರಿ):

ನರ್ಸ್ ಅಮ್ಮ ಹೇಳಿದ್ದು ಅಕ್ಷರಶಃ ಸರಿ. ಬೇರೆಯವರು ಏನು ಮಾಡಿಕೊಂಡರು ಎಂದು ಕೇಳಿದಿರಿ, ಅದಕ್ಕೆ ಬರುತ್ತೇನೆ.

ಹಿಮಾಚಲ ಪ್ರದೇಶವನ್ನು ನೋಡಿ. ಬೆಟ್ಟದ ರಾಜ್ಯ, ನರರೋಗ ತಜ್ಞರು ಬೆರಳೆಣಿಕೆ, ರಸ್ತೆ ನಮಗಿಂತ ಕಷ್ಟ. 2014ರಲ್ಲಿ ಅವರು ಸಿಟಿ ಸ್ಕ್ಯಾನ್ ಇದ್ದ ಜಿಲ್ಲಾ ಆಸ್ಪತ್ರೆಗಳ ನನ್ನಂಥ ಸಾಮಾನ್ಯ ಫಿಜಿಷಿಯನ್‌ಗಳಿಗೆ ತರಬೇತಿ ಕೊಟ್ಟರು. ರೋಗಿ ಬಂದರೆ ಸ್ಕ್ಯಾನ್ ಚಿತ್ರವನ್ನು ಸ್ಮಾರ್ಟ್‌ಫೋನಿನಲ್ಲಿ ತಜ್ಞರಿಗೆ ಕಳಿಸುವುದು, ಅವರು ಹೂಂ ಅಂದರೆ ಅಲ್ಲೇ ಇಂಜೆಕ್ಷನ್. ಮದ್ದು ಸರ್ಕಾರದಿಂದ ಉಚಿತ. ನಿಮ್ಮ ಕಾಕಾಗೆ ಇಸಿಜಿ ಕಳಿಸಿ ಕೇಳಿದರಲ್ಲ, ಅದೇ ಹಾದಿ.

ಬ್ರೆಜಿಲ್ ಇನ್ನೊಂದು. 2012ರಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕ ಆಸ್ಪತ್ರೆಗಳ ಸ್ಟ್ರೋಕ್ ಚಿಕಿತ್ಸೆಗೆ ರಾಷ್ಟ್ರಮಟ್ಟದ ನಿಯಮ ಮಾಡಿ ಹಣ ಕೊಟ್ಟಿತು. ದೊಡ್ಡ ನಾಳ ಕಟ್ಟಿದಾಗ ತೊಡೆಸಂದಿಯಿಂದ ತಂತಿ ಹಾಯಿಸಿ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ 2015ರ ಹೊತ್ತಿಗೆ ಗಟ್ಟಿಯಾಗಿತ್ತು. ಬಡವರ ಆಸ್ಪತ್ರೆಯಲ್ಲಿ ಇದು ಆಗುತ್ತದೆಯೇ ಎಂಬ ಅನುಮಾನಕ್ಕೆ ಬ್ರೆಜಿಲಿನ 12 ಸಾರ್ವಜನಿಕ ಆಸ್ಪತ್ರೆಗಳು ಸೇರಿ ಪ್ರಯೋಗ ನಡೆಸಿ, 2020ರಲ್ಲಿ ಆಗುತ್ತದೆ ಎಂದು ತೋರಿಸಿದವು. ಆಯ್ದ ಕೆಲವು ರೋಗಿಗಳಿಗೆ ಈ ಚಿಕಿತ್ಸೆಯನ್ನು 24 ತಾಸಿನವರೆಗೂ ಮಾಡಬಹುದು. ಆದ್ದರಿಂದ ತಡವಾಗಿ ಬಂದವರನ್ನೂ ಹಾಗೇ ಮನೆಗೆ ಕಳಿಸಬಾರದು.

ಆದರೆ ತಾಲ್ಲೂಕಿಗೊಂದು ಸಿಟಿ ಮಷೀನ್ ಬೇಕು ಎಂದು ಮೊದಲೇ ಪಟ್ಟು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಮಷೀನ್ ಬಂದು, ನಡೆಸುವ ಟೆಕ್ನೀಷಿಯನ್ ಇಲ್ಲದಿದ್ದರೆ ನಿಮ್ಮ ತಾಯಿಗೆ ಎರಡನೆಯ ದವಾಖಾನೆಯಲ್ಲಿ ಆದದ್ದೇ ಆಗುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇಂಥ ಕಡೆ ಹಗಲು ರಾತ್ರಿ ಸ್ಕ್ಯಾನ್, ಫ್ರಿಜ್ಜಿನಲ್ಲೋ ಕಪಾಟಿನಲ್ಲೋ ಮದ್ದು ಸದಾ ಕೈಗೆಟುಕುವಂತೆ, ಬಾಗಿಲಿನಿಂದ ನೇರ ಸ್ಕ್ಯಾನ್ ಮೇಜಿಗೆ ಒಯ್ಯುವ ವ್ಯವಸ್ಥೆ, ಇಷ್ಟು ಮೊದಲು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಆಂಬುಲೆನ್ಸಿನವರು ದಾರಿಯಲ್ಲೇ ಫೋನ್ ಮಾಡುತ್ತಾರೆ, ರೋಗಿಯನ್ನು ಅದೇ ಸ್ಟ್ರೆಚರ್ ಮೇಲೆ ಸ್ಕ್ಯಾನ್ ಕೋಣೆಗೆ ತಳ್ಳುತ್ತಾರೆ, ಇಂಜೆಕ್ಷನ್ ಅಲ್ಲೇ. ಬಾಗಿಲಿನಿಂದ ಸೂಜಿಯವರೆಗೆ ಸರಾಸರಿ 20 ನಿಮಿಷಕ್ಕೆ ಇಳಿಸಿದರು. ನಮ್ಮಲ್ಲಿ ಆ ಹೊತ್ತು ಓಪಿಡಿ ಚೀಟಿ ಮಾಡಿಸುವುದಕ್ಕೇ ಹೋಗುತ್ತದೆ, ಅದನ್ನು ನಿಲ್ಲಿಸಲು ಕೋಟಿ ರೂಪಾಯಿ ಬೇಡ.

ಪುನೀತ್ ತೀರಿಕೊಂಡ ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನವೂ ಹೌದು. ಅವರ ಹೆಸರಿನಲ್ಲಿ ಹೃದಯಕ್ಕೆ ಆದ ಕೆಲಸ ಮೆದುಳಿಗೂ ಆಗಲಿ ಎಂದು ಆ ದಿನ ಬಂದಾಗಲೆಲ್ಲ ಅನ್ನಿಸುತ್ತದೆ.

ತಾಯಿಯವರ ಬಿಪಿ ಗುಳಿಗೆ ಯಾವ ಕಾರಣಕ್ಕೂ ಬಿಡಿಸಬೇಡಿ. ಮೊದಲು ತಗೊಳ್ಳುತ್ತಿದ್ದರೇ?

---

ಎಡದಂಡೆ ರೈತ:

ಡಾಕ್ಟರ್ ಸಾಹೇಬರೇ, ತಗೊಳ್ಳುತ್ತಿದ್ದಳು. ಆರಾಮ ಆಗಿದೆ ಎಂದು ಎರಡು ತಿಂಗಳು ಬಿಟ್ಟಿದ್ದಳು. ಭತ್ತದ ನಾಟಿ ಕಾಲ, ನಾನೂ ಕೇಳಲಿಲ್ಲ. ಈಗ ಮಗಳು ದಿನಾ ಊಟ ಆದ ಮೇಲೆ ಕೊಟ್ಟು ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತಾಳೆ.

ಸೈರನ್ ತಮ್ಮಾ, 108 ನೆನಪೇ ಆಗಲಿಲ್ಲ. ನೀನು ಹೇಳಿದ್ದು ಖರೆ, ಅವ್ವ ನರಳಲಿಲ್ಲ, ಅದಕ್ಕೇ ನಮಗೆ ಅವಸರ ತಿಳಿಯಲಿಲ್ಲ.

ನರ್ಸ್ ಅಕ್ಕಾರ, ನೀವು ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಸೋದರಮಾವ ಅಲ್ಲೇ ಕೂತಿದ್ದ. "ಒಳಗ ಎರಡು ಜಾತಿ ಅದಾವ ಅಂತ ನಮಗ ಯಾರು ಹೇಳ್ಯಾರ" ಅಂದ. ಅವನ ಮೇಲಿದ್ದ ಸಿಟ್ಟು ಅವತ್ತು ಇಳಿಯಿತು.

ಈ ವಾರ ಒಂದು ಕೆಲಸ ಮಾಡಿದೆ. ನಮ್ಮೂರಿನಿಂದ ಎರಡು ತಾಸಿನೊಳಗೆ ಮುಟ್ಟಬಹುದಾದ ಐದು ಆಸ್ಪತ್ರೆಗಳಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆ. ಮೂರೇ ಪ್ರಶ್ನೆ: ಈಗ ಸಿಟಿ ಸ್ಕ್ಯಾನ್ ಆಗುತ್ತದೆಯೇ, ಲಕ್ವಾದ ಇಂಜೆಕ್ಷನ್ ಇದೆಯೇ, ಕೊಡುವ ಡಾಕ್ಟರು ಇದ್ದಾರೆಯೇ. ಎರಡು ಕಡೆ ಫೋನ್ ಎತ್ತಲಿಲ್ಲ. ಒಂದು ಕಡೆ ಟೆಕ್ನೀಷಿಯನ್ ಮನೆಗೆ ಹೋಗಿರುತ್ತಾರೆ, ಕರೆದರೆ ಅರ್ಧ ತಾಸಿಗೆ ಬರುತ್ತಾರಂತೆ. ಒಂದು ಕಡೆ ಸ್ಕ್ಯಾನ್ ಉಂಟು, ಮದ್ದನ್ನು ಹೊರಗಿಂದ ತರಬೇಕು. ಮೂರಕ್ಕೂ ಹೌದು ಅಂದದ್ದು ಒಂದೇ. ಅದರ ನಂಬರನ್ನೂ 108ನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಹಿಟ್ಟಿನ ಗಿರಣಿಯ ಬಾಗಿಲಿಗೆ ಹಚ್ಚಿದ್ದೇನೆ. ಕೆಳಗೆ "ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು: ಗಂಟೆ ನೋಡಿರಿ, ಬಾಯಿಗೆ ಏನೂ ಹಾಕಬೇಡಿರಿ" ಎಂದು ಮಗಳ ಕೈಯಲ್ಲಿ ಬರೆಸಿದೆ.

ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಸಿರುಗುಪ್ಪ ಕಡೆಯವರು ಇದ್ದರೆ ನೀವೂ ನಿಮ್ಮ ಸುತ್ತಲಿನ ಆಸ್ಪತ್ರೆಗಳಿಗೆ ರಾತ್ರಿ ಹೊತ್ತು ಫೋನ್ ಮಾಡಿ ಕೇಳಿ, ಇಲ್ಲಿ ಹಾಕಿ. ಎಲ್ಲ ಕೂಡಿದ ಮೇಲೆ ಆ ಪಟ್ಟಿ ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿಗಳ ಹತ್ತಿರ ನಾನೇ ಹೋಗುತ್ತೇನೆ.

ಅವ್ವ ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾಳೆ. ಬಲಗೈ ಬೆರಳು ಇನ್ನೂ ಬಿಚ್ಚುವುದಿಲ್ಲ. ನಿನ್ನೆ ಎಡಗೈಯಿಂದ ಒಂದು ರೊಟ್ಟಿ ಬಡಿಯಲು ನೋಡಿದಳು, ಅರ್ಧಕ್ಕೇ ಹರಿಯಿತು. ನರ್ಸ್ ಅಕ್ಕಾರ, ಐದು ತಿಂಗಳಾದ ಮೇಲೂ ಕೈಗೆ ವ್ಯಾಯಾಮ ಮಾಡಿಸಿದರೆ ಉಪಯೋಗ ಉಂಟೇ? ಯಾವ ಥರ ಮಾಡಿಸಬೇಕು?