ಸಹಾಯ ಬೇಕು: ಅಲಾಸ್ಕಾದ ಅಲೂಟಿಕ್ ಕ್ಯಾಂಪ್‌ಗೆ ಹೊರಟಿದೀನಿ

ಎಲ್ರಿಗೂ ನಮಸ್ಕಾರ, ಕೋಡಿಯಾಕ್ ದ್ವೀಪದ ಕಡೆ ಯಾರಾದ್ರೂ ಹೋಗಿದೀರಾ? ಜುಲೈನಲ್ಲಿ ಪಕ್ಕದ ಅಫೋಗ್ನಾಕ್ ದ್ವೀಪದಲ್ಲಿ ಅಲೂಟಿಕ್ (ಅಲ್ಲಿನ ಮೂಲನಿವಾಸಿ ಜನ) ಮಕ್ಕಳ ಕ್ಯಾಂಪಲ್ಲಿ ಒಂದು ವಾರ ವಾಲಂಟಿಯರ್ ಆಗಿರ್ತೀನಿ, ಅಡುಗೆ ಕೆಲಸ, ಸಾಲ್ಮನ್ ಸೀಳಿ ಹೊಗೆಗೆ ನೇತುಹಾಕೋದು ಹೀಗೆ ಏನು ಹೇಳಿದ್ರೂ ಮಾಡೋದು. 1964ರ ಭೂಕಂಪ, ಸುನಾಮಿಲಿ ಅಲ್ಲಿನ ಹಳೇ ಊರು ಹಾಳಾಗಿ ಜನ ಕೋಡಿಯಾಕ್ ದ್ವೀಪದ ಪೋರ್ಟ್ ಲಯನ್ಸ್ ಅನ್ನೋ ಊರಿಗೆ ಹೋಗ್ಬೇಕಾಯ್ತು, ಈಗ ಅವರ ಮೊಮ್ಮಕ್ಕಳು ಅದೇ ದ್ವೀಪಕ್ಕೆ ವಾಪಸ್ ಬಂದು ಹಿರಿಯರ ಹತ್ರ ಭಾಷೆ ಕಲೀತಾರೆ ಅಂತ ಓದಿದಾಗ ಕಣ್ಣು ತುಂಬಿ ಬಂತು. 'ಚಮಾಯಿ' ಅಂದ್ರೆ ನಮಸ್ಕಾರ, ಅಷ್ಟು ಕಲ್ತಿದೀನಿ.

ಬಿಡುವಿದ್ದಾಗ ಕಡಲ ದಡದಲ್ಲಿ ಸುತ್ತಾಡ್ಬೇಕು, ನೀರು ಇಳಿದಾಗ ಬಂಡೆ ಸಂದಿಲಿ ನಕ್ಷತ್ರಮೀನು ಕಾಣುತ್ತಂತೆ. ಉಬ್ಬರ ಇಳಿತದ ಟೈಮ್ ಟೇಬಲ್ ನೋಡೋದು ಹೇಗೆ? ಪಾಚಿ ಕಲ್ಲಿಗೆ ಗಮ್‌ಬೂಟ್ ಸಾಕಾ? ಕರಡಿ ಇರೋ ಜಾಗ, ಒಬ್ಳೇ ಹೋಗಲ್ಲ, ಆದ್ರೂ ಏನೇನು ಜೋಪಾನ ಮಾಡ್ಬೇಕು? ಮಂಜು ಬಿದ್ರೆ ಫ್ಲೈಟ್ ನಿಲ್ಲುತ್ತಂತೆ, ಎಷ್ಟು ದಿನ ಹೆಚ್ಚಿಗೆ ಇಟ್ಕೊಳ್ಲಿ? ಗೊತ್ತಿರೋರು ದಯವಿಟ್ಟು ತಿಳಿಸಿ.