ದಾಸವಾಳದ ಸಾರ: ಮೊದಲ ಬ್ಯಾಚಿನಲ್ಲಿ ಗರ್ಭ ನಿಲ್ಲಲಿಲ್ಲ, ಎರಡನೆಯದರಲ್ಲಿ ನಿಂತಿತು. ಯಾಕೆ?

ಫಾರ್ಮಕಾಲಜಿ_ಪಿಜಿ:
ಕೆಂಪು ದಾಸವಾಳದ ಹೂವು ಗರ್ಭ ತಡೆಯುತ್ತದೆಯೇ ಎಂದು ನೋಡುತ್ತಿದ್ದೇನೆ. ಕೊಟ್ಟದ್ದು ಹೂವಿನ ಎಥನಾಲ್ ಸಾರ, ಸಾಕ್ಸ್‌ಲೆಟ್ ಉಪಕರಣದಲ್ಲಿ ತೆಗೆದದ್ದು. ವಿಸ್ಟಾರ್ ತಳಿಯ ಹೆಣ್ಣಿಲಿಗಳಿಗೆ ಕೂಡಿದ 1ರಿಂದ 7ನೇ ದಿನದವರೆಗೆ ಬಾಯಿಗೆ, ಕೆ.ಜಿ.ಗೆ 400 ಮಿ.ಗ್ರಾಂ. 10ನೇ ದಿನ ಹೊಟ್ಟೆ ತೆರೆದು ನೋಡಿದಾಗ ಮೊದಲ ಬ್ಯಾಚಿನ 6ರಲ್ಲಿ 4ಕ್ಕೆ ಗರ್ಭವಿಲ್ಲ. ಎರಡನೇ ಬ್ಯಾಚಿನಲ್ಲಿ ಆರಕ್ಕೆ ಆರೂ ಗರ್ಭಿಣಿ. ಮೊದಲ ಬ್ಯಾಚಿನ ಕಂಟ್ರೋಲ್‌ನಲ್ಲೂ (ಸಾರ ಕೊಡದ ಗುಂಪು) 6ರಲ್ಲಿ 2 ಖಾಲಿ ಇದ್ದವು. ತಪ್ಪು ಹೂವಿನದೋ, ವಿಧಾನದ್ದೋ? ಸರಿಹೋದರೆ ಮಾತ್ರೆ ರೂಪಕ್ಕೆ ತರುವ ಯೋಚನೆ ಇದೆ.

ಇಲಿಗೂಡು:
ಕಂಟ್ರೋಲ್‌ನಲ್ಲೇ ಎರಡು ಖಾಲಿ ಅಂದಮೇಲೆ ಸಾರವನ್ನು ಆಮೇಲೆ ನೋಡೋಣ. 4/6 ಮತ್ತು 2/6ಕ್ಕೆ ಫಿಷರ್ ಪರೀಕ್ಷೆ (ಎರಡು ಗುಂಪಿನ ಎಣಿಕೆ ಹೋಲಿಸುವ ಲೆಕ್ಕ) ಹಾಕಿ, p ಬೆಲೆ (ಸಾರಕ್ಕೆ ಗುಣವಿಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.5 ದಾಟುತ್ತದೆ. ಅಂದರೆ ಮೊದಲ ಬ್ಯಾಚಿನಲ್ಲೂ ನಿಮಗೆ ಫಲಿತಾಂಶ ಸಿಕ್ಕಿರಲಿಲ್ಲ.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಯೋನಿದ್ರವದ ಸ್ಮಿಯರ್ (ಗಾಜಿನ ಮೇಲಿನ ಲೇಪ) ನೋಡಿ, 4–5 ದಿನದ ಋತುಚಕ್ರ ಎರಡು ಸಲ ಸರಿಯಾಗಿ ತಿರುಗಿದ ಇಲಿಗಳನ್ನಷ್ಟೇ ತೆಗೆದುಕೊಳ್ಳಿ. ನ್ಯೂಕ್ಲಿಯಸ್ ಇರುವ ದುಂಡು ಕೋಶಗಳು ತುಂಬಿದ್ದರೆ ಪ್ರೊಈಸ್ಟ್ರಸ್, ಅಂದರೆ ಬೆದೆಗೆ ಸ್ವಲ್ಪ ಮುಂಚಿನ ಹಂತ. ಅವತ್ತು ಸಂಜೆ, ಈಗಾಗಲೇ ಮರಿ ಹುಟ್ಟಿಸಿರುವ ಗಂಡಿನ ಜೊತೆ ಬಿಡಿ. ಮಾರನೇ ಬೆಳಿಗ್ಗೆ ಸ್ಮಿಯರಿನಲ್ಲಿ ವೀರ್ಯಾಣು ಕಂಡರೆ ಅದೇ 1ನೇ ದಿನ. ಪ್ಲಗ್ (ಕೂಡಿದ ಮೇಲೆ ಯೋನಿಯಲ್ಲಿ ಗಟ್ಟಿಯಾಗುವ ವೀರ್ಯದ ಬಿರಡೆ) ಬಿದ್ದುಹೋಗುತ್ತದೆ, ಅದೊಂದನ್ನೇ ನಂಬಬೇಡಿ.

10ನೇ ದಿನ ಗರ್ಭಕೋಶದ ಎರಡೂ ಕೊಂಬುಗಳಲ್ಲಿ ಮಣಿ ಪೋಣಿಸಿದ ಹಾಗೆ ಕಾಣುವ ಗಂಟುಗಳ (ಭ್ರೂಣ ನಾಟಿದ ಜಾಗಗಳು) ಜೊತೆಗೆ ಅಂಡಾಶಯದ ಕಾರ್ಪಸ್ ಲೂಟಿಯಮ್‌ಗಳನ್ನೂ (ಅಂಡ ಬಿಡುಗಡೆಯಾದ ಕಡೆ ಉಳಿಯುವ ಹಳದಿ ರಚನೆಗಳು) ಎಣಿಸಲೇಬೇಕು. ಲೂಟಿಯಮ್ 12, ಗಂಟು 3 ಇದ್ದರೆ ನಷ್ಟ ಶೇ. 75. ಲೂಟಿಯಮ್ಮೇ ಇಲ್ಲದಿದ್ದರೆ ಅಂಡವೇ ಬಿಡುಗಡೆಯಾಗಿಲ್ಲ, ಆ ಇಲಿಯನ್ನು ಯಶಸ್ಸಿನ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಖಾಲಿ ಕಂಡ ಗರ್ಭಕೋಶವನ್ನು ಶೇ. 10ರ ಅಮೋನಿಯಂ ಸಲ್ಫೈಡಿನಲ್ಲಿ ಹತ್ತು ನಿಮಿಷ ಅದ್ದಿ. ನಾಟಿದ ಭ್ರೂಣ ಕರಗಿಹೋದ ಜಾಗಗಳು ಕಪ್ಪು ಚುಕ್ಕೆಯಾಗಿ ಏಳುತ್ತವೆ. ಫ್ಯೂಮ್ ಹುಡ್ ಒಳಗೇ ಮಾಡಿ, ಕೊಳೆತ ಮೊಟ್ಟೆಯ ನಾತ ಇಡೀ ಮಹಡಿಗೆ ಹರಡುತ್ತದೆ. ಇಲಿಗಳ ಸಂಖ್ಯೆ ಹೆಚ್ಚಿಸುವ ಮೊದಲು ಪ್ರಾಣಿ ನೀತಿ ಸಮಿತಿಯ ತಿದ್ದುಪಡಿ ಒಪ್ಪಿಗೆ ಬೇಕು.

ಬೇರುನಾರು:
ಸಾರದ ಕಡೆಯೂ ಹುಳುಕಿದೆ. ದಾಸವಾಳದ ಮೇಲಿನ ಹಳೆಯ ಪ್ರಯೋಗಗಳಲ್ಲಿ ಕೆಲಸ ಮಾಡಿದ್ದು ಬೆಂಜೀನ್ ಸಾರ. ಬೆಂಜೀನ್ ಕ್ಯಾನ್ಸರ್‌ಕಾರಕ, ಅದನ್ನು ಮುಟ್ಟುವುದು ಬೇಡ. ಅದೇ ಪುಡಿಯನ್ನು ಪೆಟ್ರೋಲಿಯಂ ಈಥರ್, ಈಥೈಲ್ ಅಸಿಟೇಟ್, ಎಥನಾಲ್ ಈ ಕ್ರಮದಲ್ಲಿ ತೆಗೆದು ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಹೂ ನೆರಳಿನಲ್ಲೇ ಒಣಗಲಿ. ಐದೆಸಳಿನದೋ ಮುದ್ದೆ ದಾಸವಾಳವೋ ಬರೆದಿಡಿ, ಹರ್ಬೇರಿಯಂ ಮಾದರಿ (ಒಣಗಿಸಿದ ಗಿಡದ ನಮೂನೆ) ಇಡಿ, ಬ್ಯಾಚಿಗೊಂದು ಎಚ್‌ಪಿಟಿಎಲ್‌ಸಿ ಚಿತ್ರ (ಸಾರದ ಘಟಕಗಳನ್ನು ಬಿಡಿಸಿ ತೋರಿಸುವ ಪಟ್ಟಿ) ತೆಗೆಯಿರಿ.

ಇನ್ನೊಂದು ಅನುಮಾನ: ಸಾರ ಯಾವುದರಲ್ಲಿ ಕಲಸಿದಿರಿ? ಬರೀ ನೀರಿನಲ್ಲಾದರೆ ಜಿಡ್ಡು ತಳ ಹಿಡಿಯುತ್ತದೆ. ಮೊದಲ ಇಲಿಗೆ ನೀರು, ಕೊನೆಯ ಇಲಿಗೆ ಗಸಿ. ಶೇ. 1ರ ಟ್ವೀನ್ 80ರಲ್ಲಿ (ಜಿಡ್ಡನ್ನು ನೀರಿನಲ್ಲಿ ಬೆರೆಸುವ ದ್ರವ) ಅರೆದು, ಪ್ರತಿ ಸಿರಿಂಜ್ ಎಳೆಯುವ ಮುನ್ನ ಅಲುಗಾಡಿಸಿ.

ಕಾಡುಗೆಣಸು:
ಮಾತ್ರೆಯ ಮಾತು ತೀರ ಬೇಗವಾಯಿತು. ಗರ್ಭ ನಿಲ್ಲದಿದ್ದಕ್ಕೆ ಕಾರಣ ಏನೆಂದು ಮೊದಲು ಗೊತ್ತಾಗಲಿ. ಅಂಡಾಶಯ ತೆಗೆದ ಎಳೆಯ ಇಲಿಗಳಿಗೆ (21–23 ದಿನ) 7 ದಿನ ಕೊಟ್ಟು ಗರ್ಭಕೋಶ ತೂಗಿ. ನಾಲ್ಕು ಗುಂಪು: ವಾಹಕ (ಸಾರ ಕಲಸುವ ದ್ರವ) ಮಾತ್ರ, ಸಾರ ಮಾತ್ರ, ಇಥಿನೈಲ್ ಈಸ್ಟ್ರಾಡಿಯೋಲ್ (ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಕೃತಕ ರೂಪ) ದಿನಕ್ಕೆ ಇಲಿಗೆ 1 ಮೈಕ್ರೋಗ್ರಾಂ, ಎರಡೂ ಸೇರಿಸಿ. ಸಾರ ಮಾತ್ರ ಕೊಟ್ಟದ್ದರಲ್ಲೇ ತೂಕ ಏರಿದರೆ ಅದು ಈಸ್ಟ್ರೋಜನ್ ಗುಣ. ಸೇರಿಸಿ ಕೊಟ್ಟಾಗ ಇಳಿದರೆ ವಿರೋಧಿ ಗುಣ. ಮಾತ್ರೆ ವಿಫಲವಾಗಿ ಗರ್ಭ ನಿಂತರೆ ಮಗುವಿಗೇನು ಎಂಬುದಕ್ಕೆ ಒಇಸಿಡಿ 414 ಪರೀಕ್ಷೆ (ಗರ್ಭದಲ್ಲಿರುವ ಮರಿಗೆ ಹಾನಿಯೇ ಎಂದು ನೋಡುವುದು) ತಪ್ಪದು.

ಗಿಡದಿಂದ ನಿಜಕ್ಕೂ ಗುಳಿಗೆವರೆಗೆ ಬಂದ ದಾರಿ ಬೇರೆ. 1940ರ ದಶಕದಲ್ಲಿ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್ ಎಂಬ ಸಂಯುಕ್ತದಿಂದ ಪ್ರೊಜೆಸ್ಟೆರಾನ್ ಹಾರ್ಮೋನ್ ಮಾಡಿದ. 1951ರಲ್ಲಿ ಸಿಂಟೆಕ್ಸ್ ಕಂಪನಿಯಲ್ಲಿ ನಾರ್‌ಎಥಿಸ್ಟೆರಾನ್ (ಗರ್ಭನಿರೋಧಕ ಗುಳಿಗೆಯಲ್ಲಿ ಬಳಸುವ ಹಾರ್ಮೋನ್) ತಯಾರಾಯಿತು. ಗೆಡ್ಡೆ ಕೊಟ್ಟದ್ದು ಅಣುವಿನ ಚೌಕಟ್ಟು, ಗೆಡ್ಡೆ ತಿಂದರೆ ಗರ್ಭ ತಡೆಯುವುದಿಲ್ಲ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯೂ ಡಯೋಸ್ಜೆನಿನ್‌ಗೆಂದೇ ಕಾಡುಗೆಣಸಿನ 'ಅರ್ಕಾ ಉಪಕಾರ್' ತಳಿ ಬಿಟ್ಟಿತ್ತು. ಲಖನೌದಲ್ಲಿ ರೂಪಿಸಿದ ಗರ್ಭನಿರೋಧಕ ಗುಳಿಗೆ 'ಸಹೇಲಿ'ಯನ್ನು ಗಿಡಮೂಲಿಕೆ ಅಂದುಕೊಂಡವರಿದ್ದಾರೆ. ಅದು ಪೂರ್ತಿ ಪ್ರಯೋಗಾಲಯದ್ದು.

ಫಾರ್ಮಕಾಲಜಿ_ಪಿಜಿ:
ಕಲಸಿದ್ದು ನೀರಿನಲ್ಲೇ. ಲೂಟಿಯಮ್ ಎಣಿಸಿಲ್ಲ. ಗುಲಗಂಜಿ ಬೀಜವನ್ನೂ ಜೊತೆಗೆ ಹೋಲಿಸಿ ನೋಡಬಹುದೇ?

ಇಲಿಗೂಡು:
ಬೇಡ. ಅದರಲ್ಲಿ ಏಬ್ರಿನ್ ಎಂಬ ಕಡು ವಿಷ ಇದೆ. ಇಲಿ ಸತ್ತರೆ ಗರ್ಭ ನಿಲ್ಲದ್ದಕ್ಕೆ ಲೆಕ್ಕವೇ ಇರುವುದಿಲ್ಲ. ಮೊದಲು ವಾಹಕ ಮಾತ್ರ ಕೊಟ್ಟ ಗುಂಪಿನಲ್ಲಿ ಎಲ್ಲಾ ಇಲಿಗಳೂ ಗರ್ಭ ಧರಿಸುವ ಹಾಗೆ ಮಾಡಿಕೊಳ್ಳಿ, ಆಮೇಲೆ ಸಾರದ ಸೀಸೆ ತೆರೆಯಿರಿ.